ಮೃತರಿಗೆ ಕೊಟ್ಟ ಮಾತು

ಬದುಕಿರುವವನಿಗೆ ಕೊಟ್ಟ ಮಾತನ್ನು ನಡೆಸಬೇಕೆಂಬ ವಿಷಯದಲ್ಲಿ ಲೋಕದಲ್ಲಿ ಭಿನ್ನಾಭಿಪ್ರಾಯವಿಲ್ಲ. ಮಾತಿಗೆ ತಪ್ಪಿದವನು ಕೂಡ ತಪ್ಪುವುದೇ ಧರ್ಮವೆಂದು ವಾದಿಸುವುದಿಲ್ಲ. ಕಾಲ ಕೂಡಿಬರಲಿಲ್ಲವೆಂದೋ ಕೈ ಸಾಗಲಿಲ್ಲವೆಂದೋ ನೆಪ ಹೇಳಿ ತಲೆ ತಗ್ಗಿಸುತ್ತಾನೆ. ಮಾತನ್ನು ಪಡೆದವನು ತೀರಿಹೋದರೆ ಅವನ ಮಕ್ಕಳು ಬಂದು ಕೇಳುತ್ತಾರೆ. ಆದರೆ ಮಕ್ಕಳೂ ಮೊಮ್ಮಕ್ಕಳೂ ಇಲ್ಲವಾಗಿ, ವಂಶದ ಹೆಸರು ಊರಿನಿಂದ ಅಳಿದು, ಕೆಲವೆಡೆ ಊರೇ ನೆಲಸಮವಾಗಿ, ಕೇಳತಕ್ಕ ಬಾಯಿ ಒಂದೂ ಉಳಿಯದಿರುವಾಗ ಆ ಮಾತಿನ ಗತಿಯೇನು? ಅದು ಕೊಟ್ಟವನ ಕೊರಳಿನಿಂದ ತಾನಾಗಿ ಕಳಚಿಬೀಳುವುದೆ? ಅಥವಾ, ತಾವು ಕೊಟ್ಟ ಮಾತಲ್ಲದಿದ್ದರೂ, ಆ ಸ್ಥಳದಲ್ಲಿ ಇಂದು ನಿಂತಿರುವವರ ಕೊರಳಿಗೆ ಬಂದು ಬೀಳುವುದೆ?

ಇಂಥ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೊರಟರೆ ಗಾಳಿಯನ್ನು ಗಂಟುಕಟ್ಟಿದಂತಾದೀತು. ವಿಚಾರಕ್ಕೆ ನಿಲ್ಲಲು ಒಂದು ನೆಲ ಬೇಕು. ಆ ನೆಲವಾಗಿ ನಾವು ಇಂಗ್ಲೆಂಡಿನ ಪೂರ್ವತೀರದಲ್ಲಿರುವ ನಾರ್ಫಕ್ ಎಂಬ ಕೌಂಟಿಯನ್ನು ಆರಿಸಿಕೊಂಡಿದ್ದೇವೆ. ಕೌಂಟಿಯೆಂದರೆ ಸುಮಾರಾಗಿ ನಮ್ಮ ಜಿಲ್ಲೆಯಂಥದು. ಇಷ್ಟು ದೂರ ಹೋಗುವುದೇಕೆಂದು ವಾಚಕರು ಕೇಳಬಹುದು. ಮೃತರು ತಮ್ಮ ಬೇಡಿಕೆಗಳನ್ನು ಅಲ್ಲಿನಷ್ಟು ಸ್ಪಷ್ಟವಾಗಿ ಬರೆದಿಟ್ಟು ಹೋದುದೂ, ಬದುಕಿದ್ದವರು ಅವನ್ನು ಅಲ್ಲಿನಷ್ಟು ಸ್ಪಷ್ಟವಾಗಿ ತಳ್ಳಿಹಾಕಿದುದೂ, ತಳ್ಳಿಹಾಕಿದ ಮೇಲೂ ಅವುಗಳಿಂದ ಬಿಡಿಸಿಕೊಳ್ಳಲಾರದೆ ಹೋದುದೂ ಒಂದೇ ಸೀಮೆಯಲ್ಲಿ ಕಾಣಸಿಗುವುದು ಅಪರೂಪ.

ಈ ಒಂದು ಕೌಂಟಿಯಲ್ಲಿ ಮಧ್ಯಯುಗದ ಇಗರ್ಜಿಗಳು 650ಕ್ಕೂ ಹೆಚ್ಚು ನಿಂತಿವೆ. ಹಾಳುಬಿದ್ದವೂ ಹೆಸರು ಮಾತ್ರ ಉಳಿದವೂ ಇವಲ್ಲದೆ ನೂರಾರು ಇವೆ. ನೆಲ ಬಹುಮಟ್ಟಿಗೆ ಸಮತಟ್ಟಾದುದರಿಂದ ಒಂದು ಗೋಪುರದ ಬಳಿ ನಿಂತರೆ ಹೊಲಗಳಾಚೆ ಇನ್ನೊಂದು ಕಾಣುತ್ತದೆ. ಆ ಸೀಮೆಯಲ್ಲಿ ಕಟ್ಟಡಕ್ಕೊದಗುವ ಒಳ್ಳೆಯ ಕಲ್ಲಿಲ್ಲ. ಹೊಲ ಉಳುವಾಗ ನೇಗಿಲಿಗೆ ತಗಲುವ ಚಕಮಕಿ ಕಲ್ಲು ಮಾತ್ರ ಬೇಕಾದಷ್ಟಿದೆ. ಜನ ಅದನ್ನೇ ಆರಿಸಿ, ಸುಣ್ಣದ ಗಾರೆಯಲ್ಲಿ ಕೂಡಿಸಿ ಗೋಡೆಯೆಬ್ಬಿಸಿದರು. ಚಕಮಕಿ ಕಲ್ಲಿನಿಂದ ಮೂಲೆ ಕಟ್ಟುವುದು ಕಷ್ಟ. ಮೂಲೆಗೆ ಚಚ್ಚೌಕದ ಕಲ್ಲು ದೂರದಿಂದ ಬರಬೇಕು. ಮೂಲೆಯೇ ಇಲ್ಲದ ದುಂಡು ಗೋಪುರಗಳು ಇಲ್ಲಿ 120ಕ್ಕೂ ಹೆಚ್ಚು ಇರುವುದಕ್ಕೆ ಇದೇ ಕಾರಣವೆಂದು ಹಲವರು ಹೇಳುತ್ತಾರೆ. ಪಂಡಿತರಲ್ಲಿ ಕೆಲವರು ಒಪ್ಪುವುದಿಲ್ಲ. ಆ ಜಗಳ ನಮಗೆ ಬೇಡ.

ಕಲ್ಲಿಲ್ಲದ ನಾಡಿಗೆ ಇಷ್ಟು ಇಗರ್ಜಿಗಳನ್ನು ಕೊಟ್ಟುದು ಕುರಿಯ ಉಣ್ಣೆ. ವುಸ್ಟೆಡ್ ಎಂಬ ಹಳ್ಳಿಯ ಹೆಸರು ಇಂದಿಗೂ ವರ್ಸ್ಟೆಡ್ ಬಟ್ಟೆಯಲ್ಲಿ ಉಳಿದಿದೆ. 1379ರಲ್ಲಿ ಕಟ್ಟತೊಡಗಿದ ಅಲ್ಲಿನ ಇಗರ್ಜಿಯನ್ನು ಕಂಡವರು ಇದು ಹಳ್ಳಿಯದೋ ಪಟ್ಟಣದ್ದೋ ಎಂದು ಬೆರಗಾಗುತ್ತಾರೆ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ಇನ್ನೊಂದು ಊರು. ಅದರ ಹೆಸರನ್ನು ಅಲ್ಲಿಯವರು ‘ಸಾಲ್’ ಎಂದು ಉಚ್ಚರಿಸುತ್ತಾರೆ. ಕನ್ನಡದ ಕಿವಿಗೆ ಅದು ಸಾಲವೆಂದೇ ಕೇಳಿಸುವುದು ಬರಿಯ ಆಕಸ್ಮಿಕ. ಆದರೆ ಆ ಆಕಸ್ಮಿಕ ನಮಗೆ ಒದಗಿಬಂದಿದೆ.

ಸಾಲ್ ಈಗ ಕೆಲವೇ ಮನೆಗಳ ಊರು. ಅದು ಎಂದೂ ದೊಡ್ಡದಾಗಿದ್ದುದಲ್ಲ. ಹಾಗಿದ್ದೂ ಹೊಲಗಳ ನಡುವೆ ಹದಿನೈದನೆಯ ಶತಮಾನದ ಒಂದು ಮಹಾಮಂದಿರ ನಿಂತಿದೆ. ಊರಿನ ಜನರೆಲ್ಲ ಬಂದು ಕುಳಿತರೂ ಅದು ತುಂಬುತ್ತಿರಲಿಲ್ಲ. ಹಾಗಾದರೆ ಕಟ್ಟಿದುದೇಕೆ? ವೈಭವಕ್ಕೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಉಣ್ಣೆಯಿಂದಲೂ ಹೊಲದಿಂದಲೂ ಹಣ ಕಂಡ ಕೆಲವು ಮನೆತನಗಳಿಗೆ ಹೆಮ್ಮೆ ಇಲ್ಲದಿರಲಿಲ್ಲ. ಅವರ ಮನೆತನಗಳ ಚಿಹ್ನೆಗಳು ಹೆಬ್ಬಾಗಿಲ ಮೇಲೆಯೇ ಇವೆ. ಆದರೆ ಆ ಹೆಮ್ಮೆಯ ಕೆಳಗೆ ಒಂದು ಭಯವೂ ಇದ್ದಿತು. ಸತ್ತ ಆತ್ಮ ಸ್ವರ್ಗಕ್ಕೆ ನೇರವಾಗಿ ಹೋಗುವುದಿಲ್ಲ, ತನ್ನ ಪಾಪದ ಅಳತೆಗೆ ತಕ್ಕಂತೆ ಶುದ್ಧೀಕರಣದ ಬೆಂಕಿಯಲ್ಲಿ ಬೇಯಬೇಕು, ಬದುಕಿರುವವರ ಪ್ರಾರ್ಥನೆಯೂ ಬಲಿಪೂಜೆಯೂ ಆ ಅವಧಿಯನ್ನು ಕಡಿಮೆಮಾಡಬಲ್ಲವು ಎಂದು ಅವರು ನಂಬಿದ್ದರು. ಆದುದರಿಂದ ಹಣವುಳ್ಳವನು ಭೂಮಿಯನ್ನು ಬಿಟ್ಟು, ಅದರ ಉತ್ಪನ್ನದಿಂದ ಒಬ್ಬ ಪಾದ್ರಿ ತನ್ನ ಆತ್ಮಕ್ಕಾಗಿ ನಿತ್ಯವೂ ಪೂಜೆ ಸಲ್ಲಿಸುವಂತೆ ಏರ್ಪಡಿಸುತ್ತಿದ್ದನು. ಅದಕ್ಕೆ ಚಾಂಟ್ರಿಯೆಂದು ಹೆಸರು. ನಮ್ಮ ಶಾಸನಗಳಲ್ಲಿ ಆಚಂದ್ರಾರ್ಕವಾಗಿ ನಡೆಯತಕ್ಕದ್ದೆಂದು ಬರೆಯಿಸಿದ ನಂದಾದೀಪದ ದತ್ತಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಷ್ಟು ಹಣವಿಲ್ಲದವನು ಇಗರ್ಜಿಗೊಂದು ಸಣ್ಣ ಕಾಣಿಕೆ ಕೊಟ್ಟು, ವರ್ಷಕ್ಕೊಮ್ಮೆ ಓದುವ ಪಟ್ಟಿಯಲ್ಲಿ ತನ್ನ ಹೆಸರನ್ನು ಸೇರಿಸಿಕೊಳ್ಳುತ್ತಿದ್ದನು.

ಸಾಲ್‌ನ ಇಗರ್ಜಿಯ ನೆಲದಲ್ಲಿ ಹುದುಗಿಸಿದ ಹಿತ್ತಾಳೆಯ ಫಲಕಗಳಿವೆ. 1454ರ ಒಂದರಲ್ಲಿ ಜಾನ್ ಬ್ರಿಗ್ ಎಂಬವನು ಬಟ್ಟೆಬರೆಯ ಠೀವಿಯಿಂದಲ್ಲ, ಹೆಣದ ಹೊದಿಕೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ಉಳ್ಳವನೊಬ್ಬನು ತಾನು ಹೀಗೆ ಕಾಣಬೇಕೆಂದು ಬಯಸಿದುದು ಹೆಮ್ಮೆಯ ಲಕ್ಷಣವಲ್ಲ. 1440ರ ಇನ್ನೊಂದರಲ್ಲಿ ಜೆಫ್ರಿ ಬೊಲಿನ್ ಎಂಬ ಗೃಹಸ್ಥನೂ ಅವನ ಹೆಂಡತಿಯೂ ಕೈಮುಗಿದು ನಿಂತಿದ್ದಾರೆ. ಇಂಥ ಫಲಕಗಳ ಬರಹ ಸಾಮಾನ್ಯವಾಗಿ ಒಂದೇ ಧಾಟಿಯದು: ನಮ್ಮ ಆತ್ಮಕ್ಕಾಗಿ ಪ್ರಾರ್ಥಿಸಿರಿ. ಯಾರನ್ನು ಕುರಿತು ಈ ಮಾತು? ಮಕ್ಕಳನ್ನಲ್ಲ, ಪಾದ್ರಿಯನ್ನೂ ಅಲ್ಲ. ಅಲ್ಲಿಗೆ ಬಂದು ತಲೆಬಗ್ಗಿಸಿ ಓದುವ ಯಾರನ್ನಾದರೂ.

ಈ ಜೆಫ್ರಿಯ ಮಗ ಲಂಡನಿಗೆ ಹೋಗಿ ವ್ಯಾಪಾರದಿಂದ ಮೇಲೆ ಬಂದು 1457ರಲ್ಲಿ ಆ ನಗರದ ಮೇಯರಾದನು. ಆ ಮೇಯರನ ಮೊಮ್ಮಗನ ಮಗಳೇ ಎಂಟನೆಯ ಹೆನ್ರಿ 1533ರಲ್ಲಿ ಕೈಹಿಡಿದ ಆ್ಯನ್ ಬೊಲಿನ್. ಅವಳನ್ನು ಮದುವೆಯಾಗುವುದಕ್ಕಾಗಿ ರಾಜನು ರೋಮಿನೊಡನೆ ಸಂಬಂಧ ಕಡಿದುಕೊಂಡನು; 1534ರಲ್ಲಿ ತನ್ನ ನಾಡಿನ ಧರ್ಮಸಭೆಗೆ ತಾನೇ ಒಡೆಯನಾದನು. ಅಲ್ಲಿಂದ ಉರುಳತೊಡಗಿದ ಕಲ್ಲು ಎಲ್ಲಿಯೂ ನಿಲ್ಲಲಿಲ್ಲ. 1536ರಲ್ಲಿ ಆ್ಯನಳ ತಲೆ ಹೋಯಿತು, ಮಠಗಳು ಹೋದುವು, ಹೆನ್ರಿಯ ಮಗ ಆರನೆಯ ಎಡ್ವರ್ಡನ ಆಳಿಕೆಯಲ್ಲಿ, 1547ರಲ್ಲಿ, ಚಾಂಟ್ರಿಗಳನ್ನೆಲ್ಲ ರದ್ದುಪಡಿಸಿ ಅವುಗಳ ಆಸ್ತಿಯನ್ನು ಅರಮನೆಗೆ ಸೇರಿಸುವ ಕಾಯಿದೆ ಬಂದಿತು. ತನ್ನ ಆತ್ಮಕ್ಕಾಗಿ ಪ್ರಾರ್ಥಿಸಿರೆಂದು ಬೇಡಿಕೊಂಡು ಮಲಗಿದ ಮುದುಕನ ವಂಶದ ಹೆಣ್ಣೊಬ್ಬಳ ಮದುವೆಯೇ ಆ ಪ್ರಾರ್ಥನೆಗೆ ಬಾಯಿ ಕಟ್ಟಿದ ಮಹಾಪರಿವರ್ತನೆಗೆ ನಾಂದಿಯಾಯಿತು. ಆ್ಯನಳ ದೇಹವನ್ನು ಗುಟ್ಟಾಗಿ ತಂದು ಸಾಲ್‌ನಲ್ಲಿಯೇ ಹೂಳಿದರೆಂದು ಅಲ್ಲಿಯ ಜನ ಕತೆ ಹೇಳುತ್ತಾರೆ. ಅದು ಕತೆ. ಅವಳನ್ನು ಹೂಳಿದುದು ಲಂಡನ್ನಿನ ಕೋಟೆಯೊಳಗಣ ಇಗರ್ಜಿಯಲ್ಲಿ.

ಈಗ ಪ್ರಶ್ನೆಗೆ ಬರೋಣ. 1547ರಲ್ಲಿ ಯಾರಿಗಾದರೂ ಅನ್ಯಾಯವಾಯಿತೆ?

ಆಗಲಿಲ್ಲವೆನ್ನುವವರ ವಾದ ಬಲವಾದುದು. ಸುಧಾರಕರಲ್ಲಿ ಅನೇಕರು ಕಪಟಿಗಳಲ್ಲ. ಶುದ್ಧೀಕರಣದ ಬೆಂಕಿಯೆಂಬುದು ಇಲ್ಲವೆಂದೂ, ಸತ್ತವರಿಗಾಗಿ ಮಾಡುವ ಪೂಜೆ ವ್ಯರ್ಥವೆಂದೂ, ಅಷ್ಟೇ ಅಲ್ಲದೆ ದೇವರಿಗೆ ಅಪಚಾರವೆಂದೂ ಅವರು ಮನಸಾ ನಂಬಿದ್ದರು. ಸುಳ್ಳೆಂದು ತಾನು ತಿಳಿದ ಕ್ರಿಯೆಯನ್ನು, ಅಜ್ಜ ಮಾತು ಕೊಟ್ಟಿದ್ದನೆಂಬ ಕಾರಣಕ್ಕೆ, ಮೊಮ್ಮಗನು ನಿತ್ಯವೂ ಮಾಡುತ್ತಿರಬೇಕೆ? ತುಟಿಯಲ್ಲಿ ಮಂತ್ರ, ಮನಸ್ಸಿನಲ್ಲಿ ನಿರಾಕರಣೆ: ಇಂಥ ಪ್ರಾರ್ಥನೆ ಸತ್ತವನಿಗೆ ಮಾಡಿದ ಉಪಕಾರವೂ ಅಲ್ಲ, ಬದುಕಿದವನ ಪ್ರಾಮಾಣಿಕತೆಗೆ ಕ್ಷೇಮವೂ ಅಲ್ಲ. ಆದುದರಿಂದ ಪ್ರಾರ್ಥನೆಯನ್ನು ನಿಲ್ಲಿಸಿದವರನ್ನು ನಾವು ದೂರಲಾರೆವು. ಆದರೆ ಪ್ರಾರ್ಥನೆಯನ್ನು ನಿಲ್ಲಿಸಿದವರು ಅದಕ್ಕಾಗಿ ಕೊಟ್ಟ ಭೂಮಿಯನ್ನು ಹಿಂದಿರುಗಿಸಲಿಲ್ಲ. ಶಾಲೆಗಳಿಗೂ ಬಡವರಿಗೂ ವಿನಿಯೋಗಿಸುವೆವೆಂದು ಕಾಯಿದೆಯ ಪೀಠಿಕೆಯಲ್ಲಿ ಹೇಳಿತ್ತು. ಕೆಲವು ಶಾಲೆಗಳು ಆದುದು ನಿಜ. ಉಳಿದುದರಲ್ಲಿ ಬಹುಭಾಗ ಬೊಕ್ಕಸಕ್ಕೂ ಯುದ್ಧಕ್ಕೂ ಕೊಂಡುಕೊಂಡವರ ಕೈಗೂ ಹೋಯಿತು. ನಂಬಿಕೆ ಬದಲಾದುದು ಪಾಪವಲ್ಲ. ಬದಲಾದ ನಂಬಿಕೆಯಿಂದ ಲಾಭ ಹೊಡೆದುದು ಪಾಪವೆಂದೇ ನಮ್ಮ ಅಭಿಪ್ರಾಯ.

ಬಿನಮ್ ಎಂಬಲ್ಲಿ ಹಳೆಯ ಬೆನೆಡಿಕ್ಟೀನ್ ಮಠವೊಂದಿತ್ತು. 1539ರಲ್ಲಿ ಮಠ ಮುಚ್ಚಿತು. ಅದರ ನಡುಮಂಟಪ ಊರಿನ ಇಗರ್ಜಿಯಾಗಿ ಉಳಿಯಿತು. ಅಲ್ಲಿ ಮರದ ಹಲಗೆಗಳ ಮೇಲೆ ಸಂತರ ಚಿತ್ರಗಳಿದ್ದುವು. ಸುಧಾರಕರು ಅವುಗಳ ಮೇಲೆ ಬಿಳಿಯ ಬಣ್ಣ ಬಳಿದು, ಇಂಗ್ಲಿಷ್ ಬೈಬಲಿನ ವಾಕ್ಯಗಳನ್ನು ಕಪ್ಪಕ್ಷರದಲ್ಲಿ ಬರೆಯಿಸಿದರು. ಶತಮಾನಗಳು ಕಳೆದಂತೆ ಮೇಲಿನ ಬಣ್ಣ ಪದರಪದರವಾಗಿ ಉದುರಿ, ಅಕ್ಷರಗಳ ನಡುವಿನಿಂದ ಸಂತರ ಕಣ್ಣು, ಮುಖ, ಕೈ ಈಚೆಗೆ ಇಣುಕುತ್ತಿವೆ. ಸಂತರನ್ನು ಪೂರ್ತಿಯಾಗಿ ಕಾಣಬೇಕೆಂದರೆ ವಾಕ್ಯವನ್ನು ಕೆರೆದುಹಾಕಬೇಕು. ವಾಕ್ಯವನ್ನು ಉಳಿಸಬೇಕೆಂದರೆ ಸಂತರು ಮರೆಯಲ್ಲಿಯೇ ಇರಬೇಕು. ಎರಡೂ ಮೃತರ ಕೈಯ ಕೆಲಸವೇ. ಒಬ್ಬ ಮೃತನ ಮಾತನ್ನು ಉಳಿಸಲು ಇನ್ನೊಬ್ಬ ಮೃತನ ಮಾತನ್ನು ಅಳಿಸುವ ಅಧಿಕಾರ ನಮಗೆ ಯಾರು ಕೊಟ್ಟರು? ಎರಡನ್ನೂ ಇದ್ದಹಾಗೆಯೇ ಕಾಪಾಡುತ್ತ ಬಂದಿರುವುದು ವಿವೇಕವೆಂದು ನಮಗೆ ತೋರುತ್ತದೆ.

ಈ ಜಿಜ್ಞಾಸೆಯನ್ನು ಜಗತ್ತಿನ ಮುಂದೆ ಅತ್ಯಂತ ಗಟ್ಟಿಯಾಗಿ ಎತ್ತಿದವನೂ ನಾರ್ಫಕ್ಕಿನವನೇ. ಥಾಮಸ್ ಪೇನ್ 1737ರಲ್ಲಿ ಥೆಟ್‌ಫರ್ಡ್ ಎಂಬ ಊರಿನಲ್ಲಿ ಹುಟ್ಟಿದನು. ಎಡ್ಮಂಡ್ ಬರ್ಕನು 1790ರಲ್ಲಿ ಸಮಾಜವೆಂಬುದು ಬದುಕಿರುವವರ, ಸತ್ತವರ, ಇನ್ನು ಹುಟ್ಟಬೇಕಾದವರ ಪಾಲುಗಾರಿಕೆಯೆಂದು ಬರೆದನು. 1791ರಲ್ಲಿ ಪೇನ್ ಅದಕ್ಕೆ ಉತ್ತರ ಕೊಟ್ಟನು: ಪ್ರತಿಯೊಂದು ಪೀಳಿಗೆಯೂ ತನ್ನ ವ್ಯವಹಾರದಲ್ಲಿ ಸ್ವತಂತ್ರ; ಗೋರಿಯೊಳಗಿನಿಂದ ಆಳಬಯಸುವುದು ದುರಹಂಕಾರ; ಸತ್ತವನಿಗೆ ಬದುಕಿದವನ ಮೇಲೆ ಯಾವ ಹಕ್ಕೂ ಇಲ್ಲ. ವಾದವಾಗಿ ನೋಡಿದರೆ ಪೇನನನ್ನು ಸೋಲಿಸುವುದು ಸುಲಭವಲ್ಲ. ಸಾವು ಬಂದಾಗ ನಾವಿಲ್ಲ, ನಾವಿರುವಾಗ ಸಾವಿಲ್ಲವೆಂದ ಎಪಿಕ್ಯೂರಸನೂ ಅವನ ಬೆನ್ನಿಗಿದ್ದಾನೆ. ಇಲ್ಲದವನಿಗೆ ನೋವೆಲ್ಲಿ, ನೋವಿಲ್ಲದಲ್ಲಿ ಅನ್ಯಾಯವೆಲ್ಲಿ?

ಆದರೆ ಪೇನನ ಗತಿಯನ್ನು ನೋಡಿರಿ. 1809ರಲ್ಲಿ ಅವನು ಅಮೆರಿಕದಲ್ಲಿ ತೀರಿಕೊಂಡನು. ನ್ಯೂಯಾರ್ಕಿಗೆ ಸಮೀಪದ ನ್ಯೂ ರಾಷೆಲ್ ಎಂಬಲ್ಲಿ ಅವನದೇ ಹೊಲದಲ್ಲಿ ಹೂಳಿದರು. ಹತ್ತು ವರ್ಷಗಳ ಮೇಲೆ, 1819ರಲ್ಲಿ, ವಿಲಿಯಂ ಕಾಬೆಟ್ ಎಂಬ ಪ್ರಸಿದ್ಧ ಪತ್ರಿಕಾಕರ್ತನು ಅವನ ಎಲುಬುಗಳನ್ನು ಅಗೆದು ತೆಗೆದು, ಸ್ವದೇಶದಲ್ಲಿ ಭವ್ಯವಾದ ಸ್ಮಾರಕ ಕಟ್ಟಿಸುವೆನೆಂದು ಹಡಗಿನಲ್ಲಿ ಇಂಗ್ಲೆಂಡಿಗೆ ತಂದನು. ಸ್ಮಾರಕಕ್ಕೆ ಹಣ ಕೂಡಲಿಲ್ಲ. ಎಲುಬುಗಳು ಕಾಬೆಟ್ಟನ ಬಳಿಯಲ್ಲಿಯೇ ಉಳಿದುವು. 1835ರಲ್ಲಿ ಅವನು ಸತ್ತ ಮೇಲೆ ಕೈಯಿಂದ ಕೈಗೆ ಹೋಗಿ ಕಣ್ಮರೆಯಾದುವು. ಮೃತರಿಗೆ ಹಕ್ಕಿಲ್ಲವೆಂದು ಸಾರಿದವನಿಗೆ ಗೋರಿಯೂ ಇಲ್ಲದಾಯಿತು. ಅವನ ಸಿದ್ಧಾಂತದ ಪ್ರಕಾರ ಇಲ್ಲಿ ಯಾರಿಗೂ ಏನೂ ಆಗಿಲ್ಲ. ಹಾಗಿದ್ದೂ ಈ ಸಂಗತಿಯನ್ನು ಕೇಳಿದ ಯಾರ ಮನಸ್ಸಾದರೂ, ಪೇನನ ಪರಮ ಶಿಷ್ಯನ ಮನಸ್ಸಾದರೂ, ಒಂದು ಗಳಿಗೆ ಮುದುಡದೆ ಇರುವುದೆ? ಆ ಮುದುಡುವಿಕೆಯನ್ನು ಬರಿಯ ರೂಢಿಯೆಂದು ತಳ್ಳಿಹಾಕಬಹುದು. ನಾವು ಅಷ್ಟು ಬೇಗ ತಳ್ಳಿಹಾಕಲೊಲ್ಲೆವು.

ಪೇನನು ಮಾತನಾಡಿದುದು ಆಳುವ ಮೃತರನ್ನು ಕುರಿತು. ಕಾನೂನಿನಿಂದ ಬದುಕಿರುವವರ ಕೈ ಕಟ್ಟಬಯಸುವ ಮೃತರಿದ್ದಾರೆ. ಅವರ ವಿಷಯದಲ್ಲಿ ಅವನ ಮಾತೇ ಸರಿ. ಆದರೆ ಜೆಫ್ರಿ ಬೊಲಿನ್ ಅಪ್ಪಣೆ ಕೊಡುತ್ತಿಲ್ಲ, ಕೈಮುಗಿದು ಬೇಡುತ್ತಿದ್ದಾನೆ. ಅಪ್ಪಣೆಗೂ ಬೇಡಿಕೆಗೂ ಇರುವ ಅಂತರವನ್ನು ಮರೆತರೆ ಈ ಪ್ರಶ್ನೆ ಎಂದಿಗೂ ಬಿಡುವುದಿಲ್ಲ. ಅಪ್ಪಣೆಯನ್ನು ಮೀರುವ ಸ್ವಾತಂತ್ರ್ಯ ನಮಗುಂಟು. ಬೇಡಿಕೆಯನ್ನು ಒಪ್ಪದಿರುವ ಸ್ವಾತಂತ್ರ್ಯವೂ ಉಂಟು. ಕೇಳಿಯೇ ಇಲ್ಲವೆಂದು ನಟಿಸುವ ಸ್ವಾತಂತ್ರ್ಯ ಮಾತ್ರ ಇಲ್ಲ. ಬಾಗಿಲಿಗೆ ಬಂದವನಿಗೆ ಈ ಹೊತ್ತು ಏನೂ ಇಲ್ಲವಪ್ಪಾ ಎಂದು ಹೇಳಿ ಕಳಿಸುವುದು ಬೇರೆ, ಅವನ ಎದುರಿಗೇ ಬಾಗಿಲು ಹಾಕಿ ಒಳಗೆ ಉಸಿರು ಹಿಡಿದು ಕುಳಿತಿರುವುದು ಬೇರೆ.

ಇಲ್ಲಿಯವರೆಗೆ ನಾವು ಹೇಳಿದುದು ಇಗರ್ಜಿಯ ಒಳಗೆ ಮಲಗಿದವರ ಮಾತು. ಅವರಿಗೆ ಹೆಸರಿದೆ, ಫಲಕವಿದೆ, ಲ್ಯಾಟಿನ್ ಬರಹವಿದೆ. ಹೊರಗೆ, ಅಂಗಳದಲ್ಲಿ, ಅವರಿಗಿಂತ ನೂರುಪಟ್ಟು ಜನರಿದ್ದಾರೆ. ಹದಿನೇಳನೆಯ ಶತಮಾನಕ್ಕೆ ಮೊದಲು ಅಂಗಳದ ಗೋರಿಗಳಿಗೆ ಬರೆದ ಕಲ್ಲು ನಿಲ್ಲಿಸುವ ರೂಢಿ ಬಹಳ ಕಡಿಮೆ. ಬಡವನನ್ನು ಬಟ್ಟೆಯಲ್ಲಿ ಸುತ್ತಿ ಇಳಿಸಿ ಮಣ್ಣು ಮುಚ್ಚುತ್ತಿದ್ದರು. ಕೆಲವು ಪೀಳಿಗೆ ಕಳೆದ ಮೇಲೆ ಅದೇ ಜಾಗದಲ್ಲಿ ಇನ್ನೊಬ್ಬನನ್ನು. ನಾರ್ಫಕ್ಕಿನ ಹಳೆಯ ಇಗರ್ಜಿಗಳಲ್ಲಿ ಎಷ್ಟೋ ಕಡೆ ಕಟ್ಟಡವೇ ನೆಲದೊಳಕ್ಕೆ ಕುಸಿದಂತೆ ಕಾಣುತ್ತದೆ. ಅಂಗಳದಿಂದ ಮೆಟ್ಟಿಲಿಳಿದು ಬಾಗಿಲಿಗೆ ಹೋಗಬೇಕಾಗುತ್ತದೆ. ಕಟ್ಟಡ ಕುಸಿದಿಲ್ಲ. ಎಂಟು ನೂರು, ಒಂಬೈನೂರು ವರ್ಷಗಳ ಕಾಲ ಊರವರೆಲ್ಲ ಅಲ್ಲಿಯೇ ಮಣ್ಣಾದುದರಿಂದ ನೆಲವೇ ಮೇಲೆದ್ದಿದೆ. ಕುರಿ ಕಾಯ್ದವರು, ಉಣ್ಣೆ ನೂತವರು, ಚಕಮಕಿ ಕಲ್ಲನ್ನು ಹೊಲದಿಂದ ಆರಿಸಿ ತಂದವರು, 1349ರ ಮಹಾಮಾರಿಗೆ ಸಿಕ್ಕಿದವರು, ಎಲ್ಲರೂ ಸೇರಿ ಆ ಎತ್ತರ.

ಇವರು ಹಣ ಕೊಟ್ಟವರಲ್ಲ. ಇವರಿಗೆ ಯಾರೂ ಲಿಖಿತವಾಗಿ ಮಾತು ಕೊಟ್ಟಿಲ್ಲ. ಹಾಗಾದರೆ ಮೃತರಿಗೆ ನಾವು ಸಲ್ಲಿಸಬೇಕಾದುದು ಒಪ್ಪಂದದಿಂದ ಹುಟ್ಟುವುದಾದರೆ, ಇವರಿಗೆ ಸಲ್ಲಬೇಕಾದುದು ಏನೂ ಇಲ್ಲವೆಂದಾಗುತ್ತದೆ. ನಮಗೆ ಒಪ್ಪಂದದ ಸಿದ್ಧಾಂತವೇ ಸಾಲದೆಂದು ಅನಿಸುವುದು ಇಲ್ಲಿ. ಮಧ್ಯಯುಗದ ಜನರಿಗೂ ಹಾಗೆಯೇ ಅನಿಸಿದ್ದಿರಬೇಕು. ಹಣ ಕೊಟ್ಟವರ ಹೆಸರನ್ನು ಪಟ್ಟಿಯಿಂದ ಓದುತ್ತಿದ್ದ ಅವರೇ ನವೆಂಬರ್ 2ರಂದು ಸಕಲ ಮೃತರ ದಿನವನ್ನಾಚರಿಸಿ, ಹೆಸರಿಲ್ಲದವರೆಲ್ಲರಿಗಾಗಿ ಗಂಟೆ ಬಾರಿಸುತ್ತಿದ್ದರು. ಗಂಟೆಗೆ ಯಾರೂ ಹಣ ಕೊಟ್ಟಿರಲಿಲ್ಲ.

ಆದರೂ ಆ ಅಂಗಳವನ್ನು ಸಮತೆಯ ಲೋಕವೆಂದು ಹೊಗಳುವ ಕವಿಗಳ ಗುಂಪಿಗೆ ನಾವು ಸೇರಲಾರೆವು. ಸತ್ತ ಮೇಲೆಯೂ ಮೇಲುಕೀಳು ಇದ್ದೇ ಇತ್ತು. ಬಿಸಿಲು ಬೀಳುವ ತೆಂಕಣ ಭಾಗ ಗಣ್ಯರಿಗೆ; ನೆರಳಿನ ಬಡಗಣ ಭಾಗ ಪರದೇಶಿಗಳಿಗೆ, ನತದೃಷ್ಟರಿಗೆ. ದೀಕ್ಷಾಸ್ನಾನವಾಗದೆ ಸತ್ತ ಶಿಶುವಿಗೆ ವಿಧಿಯ ಮಾತೊಂದೂ ಇಲ್ಲ. ಆತ್ಮಹತ್ಯೆ ಮಾಡಿಕೊಂಡವನಿಗೆ ಅಂಗಳವೇ ಇಲ್ಲ. ಅವನನ್ನು ದಾರಿಗಳು ಕೂಡುವಲ್ಲಿ ಹೂಳಿ, ಎದೆಗೆ ಗೂಟ ಹೊಡೆಯುವ ಪದ್ಧತಿಯಿತ್ತು. 1823ರಲ್ಲಿ ಪಾರ್ಲಿಮೆಂಟು ಇದನ್ನು ನಿಲ್ಲಿಸಿ ಅವರಿಗೂ ಅಂಗಳದಲ್ಲಿ ಎಡೆಕೊಟ್ಟಿತು. ಹೇಗೆ ಕೊಟ್ಟಿತು? ರಾತ್ರಿ ಒಂಬತ್ತರಿಂದ ಹನ್ನೆರಡರೊಳಗೆ ಹೂಳಬೇಕು, ಯಾವ ವಿಧಿಯೂ ಕೂಡದು. 1882ರವರೆಗೆ ಆ ಕತ್ತಲೆ ತೊಲಗಲಿಲ್ಲ. ಮೃತನಿಗೆ ಏನೂ ತಿಳಿಯದೆಂದಾದರೆ ಅವನ ಎದೆಗೆ ಗೂಟವೇಕೆ? ಅವಮಾನ ಅವನನ್ನು ಮುಟ್ಟುವುದೆಂದು ನಂಬಿದವರೇ ಅವಮಾನ ಮಾಡಬಲ್ಲರು. ಮೃತನಿಗೆ ಕೆಡುಕು ಮಾಡುವಾಗ ಅವನು ಇದ್ದಾನೆ, ಒಳಿತು ಮಾಡಬೇಕಾಗಿ ಬಂದಾಗ ಇಲ್ಲ: ಇಂಥ ತತ್ತ್ವಜ್ಞಾನ ಎಲ್ಲ ದೇಶಗಳಲ್ಲಿಯೂ ಉಂಟು.

ಮನುಷ್ಯರಿಂದ ಆಗದ ಸಂಗತಿಗಳೂ ಇವೆಯೆಂಬುದನ್ನು ಒಪ್ಪಬೇಕು. ಕರಾವಳಿಯ ಎಕಲ್ಸ್ ಎಂಬ ಊರನ್ನು ಸಮುದ್ರ ನುಂಗಿತು. ಅದರ ಇಗರ್ಜಿಯ ಗೋಪುರ ಬಹುಕಾಲ ಒಂಟಿಯಾಗಿ ಮರಳದಂಡೆಯ ಮೇಲೆ ನಿಂತಿದ್ದು 1895ರ ಜನವರಿಯ ಬಿರುಗಾಳಿಗೆ ಉರುಳಿತು. ಅಲೆಗಳು ಮರಳನ್ನು ಕೊರೆದೊಯ್ದಾಗ ಅಂಗಳದ ಗೋರಿಗಳು ತೆರೆದುಕೊಂಡು ಅಸ್ಥಿಪಂಜರಗಳು ಕಾಣಿಸಿಕೊಂಡದ್ದುಂಟು. ಸಮುದ್ರದ ಮೇಲೆ ಯಾರೂ ದಾವೆ ಹೂಡುವುದಿಲ್ಲ. ಆಗದುದನ್ನು ಮಾಡೆಂದು ಧರ್ಮ ಹೇಳುವುದಿಲ್ಲ.

ಆಗುವುದನ್ನು ಮಾಡದಿರುವುದು ಬೇರೆಯ ವಿಷಯ. 1942ರ ಬೇಸಗೆಯಲ್ಲಿ, ಯುದ್ಧದ ತರಬೇತಿಗಾಗಿ, ಥೆಟ್‌ಫರ್ಡಿನ ಉತ್ತರಕ್ಕಿರುವ ಟಾಟಿಂಗ್ಟನ್, ಸ್ಟ್ಯಾನ್‌ಫರ್ಡ್, ವೆಸ್ಟ್ ಟಾಫ್ಟ್ಸ್, ಲ್ಯಾಂಗ್‌ಫರ್ಡ್ ಮುಂತಾದ ಹಳ್ಳಿಗಳನ್ನು ಸೈನ್ಯ ತೆರವುಮಾಡಿಸಿತು. ಯುದ್ಧ ಮುಗಿದೊಡನೆ ಮರಳುವೆವೆಂದು ನಂಬಿ ಜನ ಮನೆ ಬಿಟ್ಟರು. ಯುದ್ಧ ಮುಗಿಯಿತು, ಅವರು ಮರಳಲಿಲ್ಲ, ಸೀಮೆ ಸೈನ್ಯದ ತರಬೇತಿಯ ನೆಲವಾಗಿಯೇ ಉಳಿಯಿತು. ಮನೆಗಳು ಹೋದುವು. ಇಗರ್ಜಿಗಳು ಮಾತ್ರ ಬೇಲಿಯೊಳಗೆ ನಿಂತಿವೆ. ಇಲ್ಲಿ ಬೊಲಿನ್‌ನ ಕಾಲದ ಸ್ಥಿತಿ ತಲೆಕೆಳಗಾಗಿರುವುದನ್ನು ಗಮನಿಸಬೇಕು. ಅಲ್ಲಿ ಬದುಕಿದವರು ಉಳಿದು ಮೃತರಿಗೆ ಕೊಟ್ಟ ಮಾತು ಹೋಯಿತು. ಇಲ್ಲಿ ಮೃತರು ಊರಿನಲ್ಲಿಯೇ ಉಳಿದು ಬದುಕಿದವರ ಊರು ಹೋಯಿತು. ಹೊಲಕ್ಕೆ ಬದಲು ಹೊಲ ಸಿಕ್ಕೀತು, ಮನೆಗೆ ಬದಲು ಬಾಡಿಗೆಯ ಮನೆಯಾದರೂ ಸಿಕ್ಕೀತು. ತಾಯಿಯನ್ನು ಹೂಳಿದ ಜಾಗಕ್ಕೆ ಬದಲಿ ಜಾಗವೆಂಬುದಿಲ್ಲ. ಅನುಮತಿ ಪಡೆದು ಗೋರಿಯನ್ನು ನೋಡಿ ಬರುವ ಅವಕಾಶವನ್ನು ಬಂಧುಗಳಿಗೆ ಕೊಟ್ಟುದರಲ್ಲಿಯೇ ಸೈನ್ಯಕ್ಕೂ ಇದು ತಿಳಿದಿತ್ತೆಂಬುದು ಗೊತ್ತಾಗುತ್ತದೆ.

ಉಳಿದ ಹಳ್ಳಿಗಳಲ್ಲಿ ಬಲಾತ್ಕಾರವೇನೂ ನಡೆಯಲಿಲ್ಲ. ಉಣ್ಣೆಯ ಕೈಗಾರಿಕೆ ಯಾರ್ಕ್‌ಶೈರಿಗೆ ಹೋಯಿತು, ಯಂತ್ರ ಬಂದು ಹೊಲದ ಆಳುಗಳು ಪಟ್ಟಣ ಸೇರಿದರು, ನಂಬಿಕೆಯೂ ಮೆಲ್ಲಮೆಲ್ಲನೆ ಸಡಿಲಿತು. ನೂರಾರು ಜನಕ್ಕೆಂದು ಕಟ್ಟಿದ ಇಗರ್ಜಿಯಲ್ಲಿ ಭಾನುವಾರ ಹತ್ತು ಮಂದಿ, ಅದೂ ವೃದ್ಧರು. ಸೀಸದ ಮಾಡು ಸೋರುತ್ತದೆ. ಒಮ್ಮೊಮ್ಮೆ ಕಳ್ಳರು ಆ ಸೀಸವನ್ನೇ ಕಿತ್ತೊಯ್ಯುತ್ತಾರೆ. ರಿಪೇರಿಯ ಭಾರ ಮುಖ್ಯವಾಗಿ ಆ ಹತ್ತು ಮಂದಿಯದೇ. ಇಷ್ಟು ಹಣವನ್ನು ಕಲ್ಲಿಗೆ ಸುರಿಯುವುದಕ್ಕಿಂತ ಹಸಿದವನಿಗೆ ಕೊಡಬಾರದೆ ಎಂದು ಅವರಲ್ಲಿಯೇ ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ನಾವು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಗುರುವಿನ ಉಪದೇಶವೂ ಹಸಿದವನ ಪಕ್ಷದ್ದೇ. ಮೃತರ ಬೇಡಿಕೆಯನ್ನು ಕೇಳಿದ ನಾಡೆಲ್ಲ ಸುಮ್ಮನಿದ್ದು, ಬಾಗಿಲ ಹತ್ತಿರ ಸಿಕ್ಕಿದ ಹತ್ತು ಮುದುಕರ ತಲೆಗೆ ಅದನ್ನು ಕಟ್ಟುವುದು ನ್ಯಾಯವಲ್ಲವೆಂದು ಮಾತ್ರ ಹೇಳಬಲ್ಲೆವು.

ಈ ಅರಿವು ನಿಧಾನವಾಗಿಯಾದರೂ ಬಂದಿದೆ. 1957ರಲ್ಲಿ ಐವರ್ ಬುಲ್ಮರ್-ಥಾಮಸ್ ಎಂಬ ಮಹನೀಯರು ‘ಗೆಳೆಯರಿಲ್ಲದ ಇಗರ್ಜಿಗಳ ಗೆಳೆಯರು’ ಎಂಬ ಸಂಸ್ಥೆಯನ್ನು ಕಟ್ಟಿದರು. ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ. ಪೂಜೆ ನಿಂತ ಇಗರ್ಜಿಗಳಿಗಾಗಿ 1969ರಲ್ಲಿ ಧರ್ಮಸಭೆಯೂ ಸರಕಾರವೂ ಕೂಡಿ ಒಂದು ನಿಧಿಯನ್ನು ಸ್ಥಾಪಿಸಿದುವು. ನಾರ್ಫಕ್ಕಿನಲ್ಲಿಯೇ ಲೇಡಿ ಹ್ಯಾರಡ್ ಅವರ ಶ್ರಮದಿಂದ 1976ರಲ್ಲಿ ಇಗರ್ಜಿಗಳ ಟ್ರಸ್ಟ್ ಆಯಿತು. ನಾರಿಚ್ ಪಟ್ಟಣದ ಒಂದು ಹಳೆಯ ಇಗರ್ಜಿ 1980ರ ಸುಮಾರಿಗೆ ಬೊಂಬೆಯಾಟದ ರಂಗಮಂದಿರವಾಯಿತು. ಕೆಲವರು ಇದನ್ನು ಅಪಚಾರವೆಂದರು. ನಮಗೆ ಹಾಗೆ ತೋರುವುದಿಲ್ಲ, ಮಕ್ಕಳ ನ.ಗು ಕೇಳುವ ಗೋಡೆ ಹಾಳುಬಿದ್ದ ಗೋಡೆಗಿಂತ ಮೇಲು. ಇನ್ನು ಕೆಲವು ವಾಸದ ಮನೆಗಳಾಗಿವೆ. ಅಂಥ ಮಾರಾಟದಲ್ಲಿ ಗೋರಿಗಳ ಬಳಿಗೆ ಬಂಧುಗಳು ಬಂದುಹೋಗುವ ಹಕ್ಕನ್ನು ಕಾಯ್ದಿಡುವುದುಂಟು. ಕೊಂಡವನ ಅಂಗಳದಲ್ಲಿ ಇನ್ನೊಬ್ಬರ ಅಜ್ಜಿ ಮಲಗಿದ್ದಾಳೆಂಬುದನ್ನು ಕಾಯಿದೆಯೂ ಮರೆಯಲಿಲ್ಲ.

ಇವೆಲ್ಲ ಸಂಸ್ಥೆಗಳ ಮಾತು. ಹೌಟನ್-ಆನ್-ದಿ-ಹಿಲ್ ಎಂಬಲ್ಲಿ ನಡೆದುದು ಸಂಸ್ಥೆಯಿಂದಾದುದಲ್ಲ. ಅಲ್ಲಿಯ ಊರು ಹೆಸರಾಗಿ ಮಾತ್ರ ಉಳಿದಿತ್ತು. ಸಂತ ಮೇರಿಯ ಇಗರ್ಜಿ ಪಾಳುಬಿದ್ದು, ಮಾಡು ಹಾರಿ, ಹಬ್ಬಿದ ಬಳ್ಳಿಯೊಳಗೆ ಗೋಪುರವೇ ಅಡಗಿಹೋಗಿತ್ತು. 1992ರಲ್ಲಿ ಸುತ್ತಾಡಲು ಹೋದ ಗ್ಲೋರಿಯಾ ಡೇವಿ ಎಂಬ ಮಹಿಳೆ ಅದನ್ನು ಕಂಡರು. ಒಳಗೆ ಸೈತಾನನ ಆರಾಧಕರು ಕೂಡಿದ ಕುರುಹುಗಳಿದ್ದುವು. ಅವರ ಗಂಡ ಬಾಬ್ ಡೇವಿ, ನೆರೆಯ ಹಳ್ಳಿಯ ನಿವೃತ್ತ ಗೃಹಸ್ಥರು, ಮೊದಲು ಆ ಜನರನ್ನು ಓಡಿಸಿದರು. ಆಮೇಲೆ ಬಳ್ಳಿ ಕಡಿದರು, ಗೋರಿಗಳನ್ನು ಬಿಡಿಸಿದರು, ಗೋಡೆ ಭದ್ರಪಡಿಸಿದರು, ಮಾಡು ಹೊದಿಸಿದರು. ಬಹುಮಟ್ಟಿಗೆ ಸ್ವಂತ ದುಡಿಮೆ, ಮೊದಮೊದಲು ಸ್ವಂತ ಹಣ. ಅಲ್ಲಿ ಮಲಗಿದವರಲ್ಲಿ ಯಾರೂ ಅವರಿಗೆ ಏನನ್ನೂ ಕೊಟ್ಟವರಲ್ಲ. ಅವರೂ ಯಾರಿಗೂ ಮಾತು ಕೊಟ್ಟವರಲ್ಲ.

ಕೆಲಸ ಸಾಗುತ್ತಿದ್ದಾಗ ಗೋಡೆಯ ಗಿಲಾವು ಉದುರಿ, ಅದರ ಕೆಳಗೆ ಬಣ್ಣ ಕಾಣಿಸಿತು. ತಜ್ಞರು ಬಂದು ನೋಡಿದರು. ಸುಮಾರು 1090ರ ಭಿತ್ತಿಚಿತ್ರಗಳು: ಪೂರ್ವದ ಗೋಡೆಯಲ್ಲಿ ತ್ರಯೈಕ್ಯ, ಸುತ್ತ ಕೊನೆಯ ತೀರ್ಪಿನ ದಿನ. ಇಂಗ್ಲೆಂಡಿನಲ್ಲಿ ಉಳಿದಿರುವ ಇಂಥ ಚಿತ್ರಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಇವು ಸೇರುತ್ತವೆ. ಪತ್ರಿಕೆಗಳು ಬಂದುವು, ಪ್ರಶಸ್ತಿಗಳು ಬಂದುವು. ಬಳ್ಳಿ ಕಡಿದುದಕ್ಕೆ ದೇವರು ಕೊಟ್ಟ ಪ್ರತಿಫಲವೆಂದು ಇದನ್ನು ವರ್ಣಿಸುವವರಿದ್ದಾರೆ. ಹಾಗೆ ವರ್ಣಿಸುವುದು ನಮಗೆ ಇಷ್ಟವಿಲ್ಲ. ಚಿತ್ರ ಸಿಗದಿದ್ದರೆ ಕೆಲಸ ವ್ಯರ್ಥವಾಗುತ್ತಿತ್ತೆಂದು ಅದರ ಅರ್ಥವಾಗುತ್ತದೆ. ಚಿತ್ರದ ಸುಳಿವೇ ಇಲ್ಲದಿದ್ದ ವರ್ಷಗಳಲ್ಲಿ ಡೇವಿಯವರು ಕಡಿದ ಬಳ್ಳಿಯೇ ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದು.

ಅಲ್ಲಿ ಮತ್ತೆ ಪ್ರಾರ್ಥನೆ ನಡೆದಿದೆ. ಸುತ್ತ ಇಂದಿಗೂ ಊರಿಲ್ಲ. ಬರುವವರು ಹೊಲದ ದಾರಿಯಲ್ಲಿ ಬೇರೆ ಊರುಗಳಿಂದ ಬರುತ್ತಾರೆ.